ಹಾಳೂರಿಗೆ ಉಳಿದವನೇ ಗೌಡ

ಅಮೆರಿಕದ ಸಣ್ಣ ಊರುಗಳಿಗೆ ಹೋಗುವ ರಸ್ತೆಯಲ್ಲಿ, ಊರು ಶುರುವಾಗೋ ಜಾಗದಲ್ಲೇ ಒಂದು ಹಸಿರು ಬೋರ್ಡು ನಿಂತಿರುತ್ತದೆ. ಮೇಲೆ ಊರಿನ ಹೆಸರು, ಕೆಳಗೆ ಊರಿನ ಜನಸಂಖ್ಯೆ. ನೆಬ್ರಾಸ್ಕ ರಾಜ್ಯದ ಮೊನೊವೈ ಅನ್ನೋ ಊರಿನ ಬೋರ್ಡಿನ ಮೇಲೆ ಬಹಳ ವರ್ಷ ಇದ್ದ ಅಂಕಿ 1. ರೈಲು ಬಂದ ಕಾಲಕ್ಕೆ ಹುಟ್ಟಿದ ಊರು ಅದು. 1930ರ ಹೊತ್ತಿಗೆ ನೂರಕ್ಕೂ ಹೆಚ್ಚು ಜನ ಇದ್ದರು. ಆಮೇಲೆ ಒಕ್ಕಲುತನ ಕಷ್ಟವಾಯಿತು, ಮಕ್ಕಳು ಪಟ್ಟಣ ಸೇರಿದರು, ಅಂಗಡಿ ಮುಚ್ಚಿದವು. 2000ದ ಜನಗಣತಿಗೆ ಉಳಿದದ್ದು ಇಬ್ಬರೇ, ಗಂಡ ಮತ್ತು ಹೆಂಡತಿ. 2004ರಲ್ಲಿ ಗಂಡ ತೀರಿಕೊಂಡ. 2010ರ ಗಣತಿಯಲ್ಲಿ ಉಳಿದವಳು ಒಬ್ಬಳು ಅಜ್ಜಿ. ಊರಿನ ಮೇಯರ್ ಅವಳೇ, ಗುಮಾಸ್ತೆ ಅವಳೇ, ಖಜಾಂಚಿ ಅವಳೇ. ಊರಲ್ಲಿದ್ದ ಒಂದೇ ಹೋಟೆಲು-ಬಾರು ನಡೆಸುವವಳೂ ಅವಳೇ. ಬಾರಿನ ಲೈಸೆನ್ಸಿಗೆ ಅರ್ಜಿ ಹಾಕುವುದು ಅವಳು, ಮಂಜೂರು ಮಾಡುವುದೂ ಅವಳು.

ನಮ್ಮಲ್ಲಿ ಇದಕ್ಕೆ ಗಾದೆ ಮೊದಲೇ ರೆಡಿ ಇದೆ: ಹಾಳೂರಿಗೆ ಉಳಿದವನೇ ಗೌಡ. ನಾವು ಇದನ್ನು ಆಫೀಸಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಹೋದ ಮೇಲೆ ಟೀಮ್ ಲೀಡ್ ಆದವನ ಬಗ್ಗೆ ತಮಾಷೆಗೆ ಹೇಳ್ತೀವಿ. ಆದರೆ ಗಾದೆ ಹುಟ್ಟಬೇಕಾದರೆ ಹಾಳೂರು ಕಣ್ಣಿಗೆ ಬಿದ್ದಿರಬೇಕು. ಒಂದಲ್ಲ, ಬಹಳ ಬಿದ್ದಿರಬೇಕು.

ನಮ್ಮ ಊರುಗಳ ಬೋರ್ಡಿನ ಮೇಲೆ ಜನಸಂಖ್ಯೆ ಬರೆಯೋದಿಲ್ಲ. ಹೆಸರು ಬರೆದು, ಮುಂದಿನ ಊರು ಎಷ್ಟು ಕಿಲೋಮೀಟರ್ ಅಂತ ಬರೆದರೆ ಮುಗೀತು. ಆದರೆ ಕೆಲವು ಊರುಗಳ ವಿಷಯದಲ್ಲಿ ಹೆಸರೇ ಅರ್ಧ ಲೆಕ್ಕ ಹೇಳಿಬಿಡುತ್ತದೆ. ವಿಜಯಪುರದ ಮಗ್ಗಲಿಗೆ ಇಟ್ಟಂಗಿಹಾಳ ಅಂತ ಒಂದು ಊರಿದೆ. ಈಗ ಅದರ ಹೆಸರು ಪೇಪರಿನಲ್ಲಿ ಬರೋದು ಫುಡ್ ಪಾರ್ಕಿನ ಸುದ್ದಿಗೆ. ಇಟ್ಟಂಗಿ ಅಂದರೆ ಬೆಂಗಳೂರಿನವರ ಇಟ್ಟಿಗೆ. ಹಾಳ ಅಂದ ಕೂಡಲೇ ಕಿವಿಗೆ ಬೀಳೋದು ಹಾಳುಬಿದ್ದದ್ದು ಅನ್ನುವ ಅರ್ಥ. ಹಳ್ಳ, ಹಳ್ಳಿ ಸವೆದು ಹಾಳ ಆಗಿರಬಹುದು ಅನ್ನೋರೂ ಇದ್ದಾರೆ. ಒಂದು ಹೆಸರಿನ ಮೇಲೆ ಇತಿಹಾಸದ ಕಟ್ಟಡ ಎಬ್ಬಿಸಬಾರದು, ನಿಜ. ಆದರೆ ಈ ಸೀಮೆಯ ನಕಾಶೆ ತೆಗೆದು ನೋಡಿ, ಹಾಳ, ಆಳ ಅಂತ ಮುಗಿಯುವ ಊರುಗಳನ್ನು ಎಣಿಸುತ್ತ ಹೋಗಿ. ಎರಡೂ ಕೈ ಬೆರಳು ಸಾಕಾಗೋದಿಲ್ಲ. ಊರ ಹೆಸರುಗಳನ್ನು ದಾಖಲೆಯಂತೆ ಓದಬಹುದು ಅಂತ ಕನ್ನಡಕ್ಕೆ ತೋರಿಸಿಕೊಟ್ಟವರು ಶಂ.ಬಾ. ಜೋಶಿ. ಅವರ ದಾರಿಯಲ್ಲಿ ಸ್ವಲ್ಪ ದೂರ ಹೋದರೂ ಒಂದು ಮಾತಂತೂ ಹೊಳೆಯುತ್ತದೆ. ಈ ನೆಲದಲ್ಲಿ ಊರು ಎದ್ದದ್ದೂ ಸಹಜ, ಬಿದ್ದದ್ದೂ ಸಹಜ.

ಬಿದ್ದ ಊರಿಗೆ ರೆವಿನ್ಯೂ ಇಲಾಖೆಯವರು ಇಟ್ಟ ಹೆಸರು ಇನ್ನೂ ಚೆನ್ನಾಗಿದೆ. ಬೇಚರಾಕ ಗ್ರಾಮ. ತಹಶೀಲ್ದಾರ ಕಚೇರಿಯಲ್ಲಿ ಯಾವ ಭಾವನೆಯೂ ಇಲ್ಲದೆ ಬಳಸುವ ಪದ ಇದು. ಮೂಲ ಪಾರಸಿ. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಇಲ್ಲದ ಊರು. ಸರ್ವೆ ನಂಬರ್ ಇದೆ, ಗಡಿ ಇದೆ, ಪಹಣಿ ಬರುತ್ತದೆ, ಹೊಲ ಉಳುವವರು ಪಕ್ಕದ ಊರಿನಿಂದ ಬಂದು ಉತ್ತು ಹೋಗುತ್ತಾರೆ. ಸಂಜೆ ದೀಪ ಹಚ್ಚುವವರು ಮಾತ್ರ ಯಾರೂ ಇಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29 ಸಾವಿರ ಚಿಲ್ಲರೆ ಗ್ರಾಮಗಳಿವೆ. ಅದರಲ್ಲಿ ಸುಮಾರು 2 ಸಾವಿರ ಗ್ರಾಮಗಳ ಮುಂದೆ ಜನಸಂಖ್ಯೆ ಸೊನ್ನೆ. ಮೊನೊವೈಗೆ ಒಬ್ಬಳಾದರೂ ಗೌಡ್ತಿ ಇದ್ದಳು. ಇಲ್ಲಿ ಅದೂ ಇಲ್ಲ.

ಇಂಥ ಊರಿನ ಜಾಗದಲ್ಲಿ ಸಾಮಾನ್ಯವಾಗಿ ಏನುಳಿದಿರುತ್ತದೆ? ಒಂದು ಎತ್ತರದ ಬೂದುಮಣ್ಣಿನ ದಿಬ್ಬ. ಒಂದು ಹಾಳು ಬಾವಿ. ಒಬ್ಬ ಹನುಮಪ್ಪ. ಊರು ಬಿಟ್ಟು ಹೋದವರು ದೇವರನ್ನು ಮಾತ್ರ ಅಲ್ಲೇ ಬಿಟ್ಟಿರುತ್ತಾರೆ, ವರ್ಷಕ್ಕೊಮ್ಮೆ ಬಂದು ಕಾಯಿ ಒಡೆದು ಹೋಗುತ್ತಾರೆ. ದಿಬ್ಬದ ಮಣ್ಣನ್ನು ರೈತರು ಬಂಡಿಗಟ್ಟಲೆ ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ತಲೆಮಾರುಗಟ್ಟಲೆ ಜನ, ದನ, ಒಲೆ, ತಿಪ್ಪೆ ಎಲ್ಲ ಕೂಡಿ ಆದ ಮಣ್ಣು. ಗೊಬ್ಬರದಷ್ಟೇ ಒಳ್ಳೆಯದು. ಸತ್ತ ಊರು ಬದುಕಿದ ಊರಿಗೆ ಜೋಳವಾಗಿ ಬರುತ್ತಿತ್ತು ಅನ್ನಿ.

ಈಗ ಹತ್ತಿರದ ದೊಡ್ಡ ಊರಿನ ಕಥೆಗೆ ಬರೋಣ, ಯಾಕಂದರೆ ಹಳ್ಳಿಗಳ ಏರಿಳಿತ ಅದರ ಏರಿಳಿತಕ್ಕೆ ಗಂಟು ಹಾಕಿಕೊಂಡಿದೆ. ವಿಜಯಪುರ ಅಂದರೆ ಆದಿಲಶಾಹಿಗಳ ಬಿಜಾಪುರ. ಅದರ ವೈಭವದ ದಿನಗಳಲ್ಲಿ, ಅಂದರೆ 1600ರ ಆಚೀಚೆ, ಇಲ್ಲಿ ಹತ್ತು ಲಕ್ಷ ಜನ ಇದ್ದರು ಅನ್ನೋ ಮಾತು ಹಳೆಯ ಪುಸ್ತಕಗಳಿಂದ ಹಿಡಿದು ಗೋಳಗುಮ್ಮಟದ ಗೈಡುಗಳ ತನಕ ಎಲ್ಲರ ಬಾಯಲ್ಲಿದೆ. ಕೇಳೋಕೆ ಹೆಮ್ಮೆ. ಆದರೆ ಫೋನಿನ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಅದನ್ನು ಪೂರ್ತಿ ದುಂಡಗೆ ಅಂದುಕೊಂಡರೂ ಒಳಗಿನ ಜಾಗ 8 ಚದರ ಕಿಲೋಮೀಟರ್ ದಾಟೋದಿಲ್ಲ. ಹತ್ತು ಲಕ್ಷವನ್ನು ಅದರೊಳಗೆ ಕೂರಿಸಿದರೆ ಚದರ ಕಿಲೋಮೀಟರಿಗೆ ಒಂದೂಕಾಲು ಲಕ್ಷ. 2011ರ ಬಿಬಿಎಂಪಿ ವ್ಯಾಪ್ತಿಯ ಬೆಂಗಳೂರಿನ ದಟ್ಟಣೆಯ ಹತ್ತು ಪಟ್ಟಿಗೂ ಹೆಚ್ಚು, ಅದೂ ಅಪಾರ್ಟ್‌ಮೆಂಟ್ ಇಲ್ಲದ ಕಾಲದಲ್ಲಿ, ಅರ್ಧ ಜಾಗ ಅರಮನೆ, ಮಸೀದಿ, ತೋಟ, ಗೋರಿಗೆ ಹೋದ ಮೇಲೆ. ಕೋಟೆ ಹೊರಗೆ ಶಾಹಪುರದಂಥ ಪೇಟೆಗಳಿದ್ದವು, ಪಶ್ಚಿಮಕ್ಕೆ ತೊರವಿ ತನಕ ಊರು ಚಾಚಿತ್ತು, ಅವನ್ನೂ ಸೇರಿಸಿ ಅನ್ನಬಹುದು. ಸೇರಿಸಿದರೂ ನನಗೆ ಹತ್ತು ಲಕ್ಷ ಗಂಟಲಿನಲ್ಲಿ ಇಳಿಯೋದಿಲ್ಲ. 1600ರ ಲಂಡನ್ನಿನಲ್ಲೇ ಇದ್ದದ್ದು 2 ಲಕ್ಷದಷ್ಟು ಜನ.

ಹಾಗಂತ ಊರು ಸಣ್ಣದಿರಲಿಲ್ಲ. ಎಷ್ಟು ಜನ ಅನ್ನೋದಕ್ಕೆ ಗೋಳಗುಮ್ಮಟಕ್ಕಿಂತ ಒಳ್ಳೆ ಸಾಕ್ಷಿ ನೀರು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದಿದ್ದಾರೆ. ದಾರಿಯುದ್ದಕ್ಕೂ ಗಾಳಿ-ಬೆಳಕಿಗೆ ಬಾವಿಯಂಥ ತೂತುಗಳು. ಅದೂ ಸಾಲದೆ 1651ರಲ್ಲಿ ಮಹಮ್ಮದ ಆದಿಲಶಾಹ ಬೇಗಂ ತಲಾಬ್ ಕಟ್ಟಿಸಿದ. ಊರೊಳಗೆ ತಾಜ್ ಬಾವಡಿ, ಚಾಂದ್ ಬಾವಡಿ. ಮಳೆ ಕಡಿಮೆ ಬೀಳುವ ಈ ಬಯಲಿನಲ್ಲಿ ಒಂದರ ಮೇಲೊಂದು ನೀರಿನ ಕೆಲಸ ಮಾಡಬೇಕಾಯಿತು ಅಂದರೆ ಕುಡಿಯುವ ಬಾಯಿಗಳು ಹೆಚ್ಚುತ್ತಲೇ ಇದ್ದವು ಅಂತ ಅರ್ಥ. ಆ ಕಾಲದಲ್ಲಿ ತಲೆ ಎಣಿಸುತ್ತಿರಲಿಲ್ಲ, ಮನೆ, ನೇಗಿಲು, ಕುದುರೆ ಎಣಿಸುತ್ತಿದ್ದರು. ತೆರಿಗೆಗೂ ದಂಡಿಗೂ ಅಷ್ಟು ಸಾಕು. ಹಳೆ ಮೈಸೂರಿನ ಕಡೆ ಜನಗಣತಿಗೆ ಖಾನೇಷುಮಾರಿ ಅಂತಿದ್ದರು. ಖಾನೆ ಅಂದರೆ ಮನೆ, ಶುಮಾರ್ ಅಂದರೆ ಎಣಿಕೆ. ಅದೇ ಶುಮಾರ್ ನಮ್ಮ ಬಾಯಲ್ಲಿ ಸುಮಾರು ಆಗಿದೆ. ಪಾರಸಿಯಲ್ಲಿ ಎಣಿಕೆ ಅನ್ನೋ ಅರ್ಥ ಇದ್ದ ಪದ ಕನ್ನಡಕ್ಕೆ ಬಂದು ಅಂದಾಜು ಆಯಿತು ಅನ್ನೋದು ನನಗಂತೂ ಬಹಳ ಇಷ್ಟವಾದ ವಿಷಯ. ಎಣಿಸಿದವರನ್ನು ನೋಡಿ ನೋಡಿಯೇ ಹಾಗಾಗಿರಬೇಕು!

ಊರು ಎಷ್ಟು ಬೇಗ ಖಾಲಿಯಾಗಬಹುದು ಅನ್ನೋದಕ್ಕೆ ತೊರವಿಯಲ್ಲೇ ಒಂದು ಮಾದರಿ ಇದೆ. 1599ರಲ್ಲಿ ಎರಡನೇ ಇಬ್ರಾಹಿಂ ಅಲ್ಲಿ ನವರಸಪುರ ಅಂತ ಹೊಸ ರಾಜಧಾನಿಯನ್ನೇ ಕಟ್ಟಲು ಶುರುಮಾಡಿದ. ಸಂಗೀತದ ಹುಚ್ಚಿನ ದೊರೆ, ಹೆಸರೂ ಹಾಗೇ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಬಂದು ಅದನ್ನು ಸೂರೆ ಮಾಡಿದ. ಇಪ್ಪತ್ತೈದೇ ವರ್ಷ. ನಮ್ಮ ಕೆಲವು ಐಟಿ ಪಾರ್ಕುಗಳ ಆಯುಷ್ಯ ಇದಕ್ಕಿಂತ ಹೆಚ್ಚು.

ದೊಡ್ಡ ಊರಿನ ಸರದಿ 1686ರಲ್ಲಿ ಬಂತು. ವರ್ಷಕ್ಕೂ ಮೀರಿ ಮುತ್ತಿಗೆ ಹಾಕಿ ಕೂತ ಮೊಗಲರಿಗೆ ಆ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲಶಾಹ ಕೋಟೆ ಒಪ್ಪಿಸಿದ. ಔರಂಗಜೇಬನ ಸೈನ್ಯ ಇನ್ನೂ ಇಲ್ಲೇ ಇದ್ದಾಗ, 1688ರಲ್ಲಿ ಪ್ಲೇಗು ಬಿತ್ತು. ಬಾದಶಹನ ಹೆಂಡತಿಯೊಬ್ಬಳೇ ಅದರಲ್ಲಿ ತೀರಿಕೊಂಡಳು. ಅರಮನೆಯ ಕಥೆಯೇ ಹಾಗಾದರೆ ಓಣಿಗಳ ಕಥೆ ಊಹಿಸಿಕೊಳ್ಳಿ. ಆದರೆ ಊರನ್ನು ನಿಜವಾಗಿ ಖಾಲಿ ಮಾಡಿದ್ದು ಯುದ್ಧವೂ ಅಲ್ಲ, ಪ್ಲೇಗೂ ಅಲ್ಲ ಅಂತ ನನ್ನ ಎಣಿಕೆ. ದರ್ಬಾರು ಹೋಯಿತು. ದರ್ಬಾರು ಹೋದರೆ ಸಿಪಾಯಿಗೆ ಪಗಾರ ಇಲ್ಲ, ಅಕ್ಕಸಾಲಿಗನಿಗೆ ಗಿರಾಕಿ ಇಲ್ಲ, ನೇಕಾರನಿಗೆ, ಗಾರೆಯವನಿಗೆ, ಹೂ ಮಾರುವವಳಿಗೆ ಯಾರಿಗೂ ಕೆಲಸ ಇಲ್ಲ. ಆಮೇಲೆ ಮೊಗಲರಿಂದ ನಿಜಾಮ, ನಿಜಾಮನಿಂದ ಪೇಶ್ವೆ, 1818ರಿಂದ ಸಾತಾರಾದ ರಾಜ, 1848ರಿಂದ ಬ್ರಿಟಿಷರು ಅಂತ ಕೈಯಿಂದ ಕೈಗೆ ದಾಟಿತು. ಯಾರಿಗೂ ಇದು ರಾಜಧಾನಿ ಆಗಿರಲಿಲ್ಲ. 1872ರಲ್ಲಿ ಮೊದಲ ಸಲ ಸರಿಯಾಗಿ ತಲೆ ಎಣಿಸಿದಾಗ ಬಿಜಾಪುರ ಪಟ್ಟಣದಲ್ಲಿ ಸಿಕ್ಕವರು ಹೆಚ್ಚುಕಡಿಮೆ 13 ಸಾವಿರ ಜನ. ಜಗತ್ತಿನ ಅತಿ ದೊಡ್ಡ ಗುಮ್ಮಟಗಳಲ್ಲೊಂದು, ಅದರ ನೆರಳಲ್ಲಿ ಇವತ್ತಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಷ್ಟು ಜನ.

ಹಳ್ಳಿಗಳು ಬೀಳೋದಕ್ಕೆ ಬಾದಶಹ ಬರಬೇಕಾಗಿರಲಿಲ್ಲ. ಮಳೆ ಬರದಿದ್ದರೆ ಸಾಕಿತ್ತು. 1791-92ರ ಬರಕ್ಕೆ ಈ ಕಡೆ ಡೋಗಿ ಬರ ಅಂತ ಹೆಸರು, ತಲೆಬುರುಡೆಯ ಬರ. ಹೂಳುವವರಿಲ್ಲದೆ ಬುರುಡೆಗಳು ಹೊಲದಲ್ಲಿ ಬಿದ್ದಿದ್ದವು ಅಂತ ಜನ ಆ ಹೆಸರಿಟ್ಟರು. ಡೋಣಿ ನದಿಯ ಎರೆಹೊಲದ ಬಗ್ಗೆ ಒಂದು ಮಾತು ಇದೆ: ಡೋಣಿ ಬೆಳೆದರೆ ಉಣ್ಣೋರು ಯಾರು, ಬೆಳೀದಿದ್ದರೂ ಉಣ್ಣೋರು ಯಾರು? ಬೆಳೆದ ವರ್ಷ ತಿಂದು ತೀರದಷ್ಟು ಜೋಳ, ಬೆಳೆಯದ ವರ್ಷ ತಿನ್ನೋಕೆ ಒಂದು ಕಾಳೂ ಇಲ್ಲ. ನಡುವಿನ ಸ್ಥಿತಿ ಅನ್ನೋದೇ ಇಲ್ಲದ ನೆಲ.

ಆ ಎರಡನೆಯ ಥರದ ವರ್ಷ 1876. ಮುಂಗಾರೂ ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಆಗ ಜಿಲ್ಲೆಯ ಹೆಸರು ಕಲಾದಗಿ, ಈಗಿನ ಬಾಗಲಕೋಟೆಯ ಬಹುಭಾಗವೂ ಅದರಲ್ಲೇ ಸೇರಿತ್ತು. ಮುಂಬೈ ಪ್ರಾಂತದಲ್ಲಿ ಅತಿ ಕೆಟ್ಟ ಹೊಡೆತ ತಿಂದ ಜಿಲ್ಲೆಗಳಲ್ಲಿ ಇದು ಒಂದು. ಮೊದಲು ಮೇವು ತೀರಿತು, ಆಮೇಲೆ ದನ ತೀರಿದವು. ಮನೆಯಲ್ಲಿ ಎರಡು ವರ್ಷದ ಹಗೇವಿನ ಜೋಳ ಇದ್ದ ಗೌಡ-ಕುಲಕರ್ಣಿ ಹೇಗೋ ನಿಂತರು. ದಿನಗೂಲಿಯವರು, ನೇಕಾರರು ಮೊದಲ ತಿಂಗಳಲ್ಲೇ ಎದ್ದು ನಡೆದರು. ನಿಜಾಮನ ಸೀಮೆಯ ಕಡೆ, ಕೆಲಸ ಸಿಗುತ್ತೆ ಅಂತ ಸುದ್ದಿ ಬಂದ ಕಡೆ.

ಸರ್ಕಾರ ಬರದ ಕಾಮಗಾರಿ ತೆರೆಯಿತು. ರಸ್ತೆ, ಕೆರೆ, ಜಲ್ಲಿ ಒಡೆಯೋ ಕೆಲಸ. ವೈಸರಾಯ್ ಲಿಟ್ಟನ್ ಖರ್ಚು ನೋಡಿಕೊಳ್ಳಲು ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನು ಕಳಿಸಿದ. ಈ ಟೆಂಪಲ್ 1874ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿ ಹಂಚಿದವನು. ಅಲ್ಲಿ ಸತ್ತವರು ತೀರಾ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕ ಬಹುಮಾನ ಏನು ಗೊತ್ತೇ? ದುಂದುಗಾರ ಅನ್ನೋ ಬೈಗುಳ. ಎರಡನೇ ಸಲ ಆ ತಪ್ಪು ಆಗಬಾರದು ಅಂತ ನಿರ್ಧರಿಸಿದವನ ಹಾಗೆ, 1877ರ ಜನವರಿಯಲ್ಲಿ ಕೂಲಿ ಇಳಿಸಿದ. ದಿನವಿಡೀ ಕೆಲಸ ಮಾಡಿದ ಗಂಡಸಿಗೆ ಒಂದು ಪೌಂಡು ಕಾಳಿನ ಬೆಲೆ ಮತ್ತು ಒಂದಾಣೆ, ಹೆಂಗಸಿಗೆ ಕಾಳಿನ ಬೆಲೆ ಮತ್ತು ಅರ್ಧಾಣೆ. ಪೌಂಡು ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ಟೆಂಪಲ್ ಕೂಲಿ ಅಂತಲೇ ಇತಿಹಾಸದಲ್ಲಿ ಅದಕ್ಕೆ ಹೆಸರಾಯಿತು. ಮುಂಬೈ ಪ್ರಾಂತದ ಬರದ ಕೂಲಿಗಳು ಸಾವಿರಗಟ್ಟಲೆ ಕೆಲಸ ಬಿಟ್ಟು ಕುಳಿತರು. ಹಸಿದವರ ಸ್ಟ್ರೈಕು. ಪುಣೆಯ ಸಾರ್ವಜನಿಕ ಸಭಾ ಅವರ ಪರವಾಗಿ ಅರ್ಜಿ ಮೇಲೆ ಅರ್ಜಿ ಬರೆಯಿತು. ಮದ್ರಾಸಿನಲ್ಲಿ ಡಾಕ್ಟರ್ ಕಾರ್ನಿಶ್ ಅನ್ನೋ ಆರೋಗ್ಯಾಧಿಕಾರಿ ಈ ಕೂಲಿಯಲ್ಲಿ ಮನುಷ್ಯ ಬದುಕಲಾರ ಅಂತ ಸರ್ಕಾರದೊಳಗೇ ಜಗಳ ತೆಗೆದ. ಟೆಂಪಲ್ ಅದೇ ವರ್ಷ ಮುಂಬೈ ಪ್ರಾಂತಕ್ಕೇ ಗವರ್ನರ್ ಆಗಿ ಬಂದ. ಬರ ಮುಗಿಯಿತು ಅನ್ನುವಾಗ ಹೊಲದಲ್ಲಿ ಇಲಿಗಳ ಹಾವಳಿ ಎದ್ದಿತು. ಕೈಗೆ ಬಂದ ಪೈರನ್ನು ಅವು ಕಡಿದು ಹಾಕಿದವು.

1881ರ ಫೆಬ್ರುವರಿ 17ರ ರಾತ್ರಿ, ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಒಂದೇ ರಾತ್ರಿ ತಲೆ ಎಣಿಸಿದರು. 1872ರಲ್ಲಿ ಈ ಜಿಲ್ಲೆಯಲ್ಲಿ 8,16,037 ಜನ ಇದ್ದರು. ಆ ರಾತ್ರಿ ಸಿಕ್ಕವರು 6,38,493. ಒಂಬತ್ತು ವರ್ಷದಲ್ಲಿ 1 ಲಕ್ಷ 77 ಸಾವಿರ ಜನ ಲೆಕ್ಕಕ್ಕಿಲ್ಲ. ನೂರಕ್ಕೆ ಇಪ್ಪತ್ತೆರಡು. ಬಿಜಾಪುರ ಪಟ್ಟಣದ್ದು 11 ಸಾವಿರ ಚಿಲ್ಲರೆಗೆ ಇಳಿದಿತ್ತು.

ಈ ಎರಡು ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. 1 ಲಕ್ಷ 77 ಸಾವಿರ ಸತ್ತರು ಅಂತ ಒಬ್ಬರು ಬರೆಯುತ್ತಾರೆ. ಎಲ್ಲರೂ ಸತ್ತಿಲ್ಲ, ವಲಸೆ ಹೋದರು ಅಂತ ಇನ್ನೊಬ್ಬರು. ಜನಗಣತಿಗೆ ಇದು ಗೊತ್ತಾಗೋದಿಲ್ಲ. ಅದಕ್ಕೆ ಗೊತ್ತಿರೋದು ಆ ರಾತ್ರಿ ಆ ಮನೆಯಲ್ಲಿ ಮಲಗಿದವರು ಯಾರು ಅನ್ನೋದಷ್ಟೇ. ಸತ್ತವನೂ ಇಲ್ಲ, ಹೈದರಾಬಾದಿನ ಸೀಮೆಯಲ್ಲಿ ಕಲ್ಲು ಹೊರುತ್ತಿರುವವನೂ ಇಲ್ಲ, ಅಪ್ಪ-ಅವ್ವ ಹಸಿದಿದ್ದಕ್ಕೆ ಹುಟ್ಟದೇ ಹೋದ ಮಗುವೂ ಇಲ್ಲ. ಮೂವರೂ ಒಂದೇ ಖಾಲಿ ಜಾಗದಲ್ಲಿ. ಆದರೆ ಒಂದು ಸುಳಿವು ಮುಂದಿನ ಅಂಕಿಯಲ್ಲಿದೆ. 1891ರಲ್ಲಿ ಜಿಲ್ಲೆಯ ಜನಸಂಖ್ಯೆ 7,96,339. ಹತ್ತು ವರ್ಷದಲ್ಲಿ ಕಾಲು ಭಾಗ ಏರಿತು. ಮಕ್ಕಳು ಬದುಕುವುದೇ ಕಷ್ಟವಾಗಿದ್ದ ಆ ಕಾಲದಲ್ಲಿ ಬರೀ ಹೆರಿಗೆಯಿಂದ ಇಷ್ಟು ಏರೋದು ಸಾಧ್ಯವಿಲ್ಲ. ಅಂದರೆ ಜನ ವಾಪಸ್ ಬಂದರು. ಹೋಗಿದ್ದವರು, ಅಥವಾ ಹೋಗಿದ್ದವರ ಮಕ್ಕಳು. ದಾರಿ ಮರೆತಿರಲಿಲ್ಲ.

ಎಲ್ಲ ಊರಿಗೂ ಎಲ್ಲರೂ ವಾಪಸ್ ಬರೋದಿಲ್ಲ ಅಷ್ಟೇ. ಎಪ್ಪತ್ತು ಮನೆಯ ಹಳ್ಳಿಗೆ ಹತ್ತು ಮನೆಯವರು ತಿರುಗಿ ಬಂದರೆ ಅವರು ಎಷ್ಟು ದಿನ ಅಲ್ಲಿರುತ್ತಾರೆ? ಬಾವಿ ಹೂಳು ತುಂಬಿದೆ, ಎತ್ತಿಲ್ಲ, ಕಂಬಾರ-ಬಡಿಗ ಬಂದಿಲ್ಲ, ರಾತ್ರಿ ಕಳ್ಳರ ಹೆದರಿಕೆ. ಪಕ್ಕದ ಸ್ವಲ್ಪ ದೊಡ್ಡ ಊರಿಗೆ ಹೋಗಿ ನೆಲೆ ನಿಂತು, ಹೊಲಕ್ಕೆ ಮಾತ್ರ ಬಂದು ಹೋಗುತ್ತಾರೆ. ಬೇಚರಾಕ ಅನ್ನೋ ಸ್ಥಿತಿ ಹೀಗೆ ಬರುತ್ತದೆ. ಊರು ಸಾಯೋದು ಕೊನೆಯವನು ಸತ್ತಾಗ ಅಲ್ಲ, ಕಂಬಾರ ಎದ್ದು ಹೋದಾಗ. ಮೊನೊವೈ ಊರಿನಲ್ಲೂ ಅಂಗಡಿಗಳು ಒಂದೊಂದಾಗಿ ಮುಚ್ಚಿದ ಮೇಲೆಯೇ ಮನೆಗಳು ಖಾಲಿಯಾದದ್ದು.

ಬಿಜಾಪುರವನ್ನು ಮತ್ತೆ ಎಬ್ಬಿಸಿದ್ದೂ ಬರವೇ ಅನ್ನೋದು ವಿಚಿತ್ರ. ಇನ್ನೊಮ್ಮೆ ಬರ ಬಿದ್ದರೆ ಕಾಳು ಸಾಗಿಸೋಕೆ ರೈಲು ಬೇಕು ಅಂತ ಹೊಟಗಿಯಿಂದ ಗದಗಿಗೆ ಹಳಿ ಹಾಕಿದರು. 1884ರ ಹೊತ್ತಿಗೆ ರೈಲು ಬಿಜಾಪುರಕ್ಕೆ ಬಂತು. 1885ಕ್ಕೆ ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಎದ್ದು ಬಂತು, ಜಿಲ್ಲೆಯ ಹೆಸರೂ ಬದಲಾಯಿತು. ಕಚೇರಿಗಳಿಗೆ ಹೊಸ ಕಟ್ಟಡ ಕಟ್ಟುವ ಖರ್ಚು ಉಳಿಯಿತು, ಚೀನಿ ಮಹಲ್, ಆನಂದ ಮಹಲ್‌ಗಳೇ ಇದ್ದವಲ್ಲ. ದರ್ಬಾರು ಹೋದದ್ದಕ್ಕೆ ಬಿದ್ದ ಊರು ಕಲೆಕ್ಟರ್ ಬಂದದ್ದಕ್ಕೆ ಎದ್ದಿತು. ಇಡೀ ಜಿಲ್ಲೆ 1896-97ರ ಮತ್ತು 1899-1900ರ ಬರ, ಜೊತೆಗೆ ಪ್ಲೇಗು ತಿಂದು 1901ರಲ್ಲಿ 7,35,435ಕ್ಕೆ ಇಳಿದರೂ ಪಟ್ಟಣ ಮಾತ್ರ 23,811ಕ್ಕೆ ಏರಿತ್ತು. ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟು. ಹಳ್ಳಿ ಇಳಿಯುವಾಗ ಪಟ್ಟಣ ಏರುವ ಈ ಗ್ರಾಫು ನಿಮಗೆ ಹೊಸದೇನೂ ಅಲ್ಲ. ಬಹುಶಃ ನೀವೇ ಅದರಲ್ಲಿ ಒಂದು ಚುಕ್ಕಿ.

ಇಪ್ಪತ್ತನೆಯ ಶತಮಾನವನ್ನು ಬೇಗ ದಾಟಬಹುದು. ಜನ ಹೆಚ್ಚಿದರು. 2011ಕ್ಕೆ ವಿಜಯಪುರ ನಗರ 3 ಲಕ್ಷ 27 ಸಾವಿರ, ಬಾಗಲಕೋಟೆ ಬೇರೆಯಾದ ಮೇಲೂ ಜಿಲ್ಲೆ 21,77,331. ಊರು ಮುಳುಗಿಸುವ ಹೊಸ ವಿಧಾನವೂ ಬಂತು. 1964ರಲ್ಲಿ ಶಾಸ್ತ್ರೀಜಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ತುಂಬಿದಾಗ ಕೃಷ್ಣೆಯ ದಂಡೆಯ ಹಳ್ಳಿಗಳು ನೀರಿನಡಿ ಹೋದವು. ಗಡಿಗೆ ಮೊಸರಿಗೆ ಹೆಸರಾದ ಕೊಲ್ಹಾರ ಎದ್ದು ಬೇರೆ ಕಡೆ ಕೂತಿತು. ಅಲ್ಲಿ ದೀಪ ಆರಲಿಲ್ಲ, ಜಾಗ ಬದಲಾಯಿತು. ಅದು ಬೇರೆಯೇ ಒಂದು ಲೇಖನಕ್ಕಾಗುವಷ್ಟು ದೊಡ್ಡ ಕಥೆ.

ನನಗೆ ಹೇಳಬೇಕಾಗಿರೋದು ಬೇಚರಾಕ ಗ್ರಾಮದ ತದ್ವಿರುದ್ಧದ ಬಗ್ಗೆ. ಬೇಚರಾಕ ಅಂದರೆ ಕಾಗದದ ಮೇಲೆ ಊರಿದೆ, ಜನ ಇಲ್ಲ. ಜನ ಇದ್ದು ಕಾಗದದ ಮೇಲೆ ಊರಿಲ್ಲದಿದ್ದರೆ? ವಿಜಯಪುರ, ಟಿಕೋಟಾ ಸುತ್ತ ತಿರುಗಾಡಿದವರಿಗೆ ಲಂಬಾಣಿ ತಾಂಡಾಗಳು ಗೊತ್ತಿರುತ್ತವೆ. ನೂರಾರು ಮನೆ, ಸೇವಾಲಾಲರ ಗುಡಿ, ಶಾಲೆ, ಕರೆಂಟು ಎಲ್ಲ ಇರುತ್ತದೆ. ದಾಖಲೆಯಲ್ಲಿ ಮಾತ್ರ ಅದು ಪಕ್ಕದ ಯಾವುದೋ ಗ್ರಾಮದ ಒಂದು ಸರ್ವೆ ನಂಬರ್. ಮನೆಗೆ ಹಕ್ಕುಪತ್ರ ಇಲ್ಲ, ಬ್ಯಾಂಕಿನ ಸಾಲ ಇಲ್ಲ, ಜನಗಣತಿಯಲ್ಲಿ ಸ್ವಂತ ಹೆಸರಿಲ್ಲ. 2023ರ ಜನವರಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳ ಸುಮಾರು 1,475 ಇಂಥ ದಾಖಲೆ ಇಲ್ಲದ ಜನವಸತಿಗಳನ್ನು ಹೊಸ ಕಂದಾಯ ಗ್ರಾಮ ಅಂತ ಘೋಷಿಸಿದರು. 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮಕ್ಕೆ ಪ್ರಧಾನಿಯೇ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಬಂದರು. ಒಂದು ಕಡೆ ದೀಪ ಇಲ್ಲದ ಸುಮಾರು 2 ಸಾವಿರ ಊರಿಗೆ ತಲೆತಲಾಂತರದಿಂದ ಹೆಸರು, ಗಡಿ, ನಕಾಶೆ. ಇನ್ನೊಂದು ಕಡೆ ದೀಪ ಉರಿಯುತ್ತಿದ್ದ 1,475 ಊರಿಗೆ 2023ರ ತನಕ ಹೆಸರೇ ಇಲ್ಲ.

ಹೆಸರು ಸಿಕ್ಕಿತು, ಇನ್ನು ತಲೆ ಎಣಿಕೆ. ಇಲ್ಲಿ ಒಂದು ತೊಡಕಿದೆ, ಅದು 1881ರಿಂದ ಇವತ್ತಿನ ತನಕ ಬಂದದ್ದು. ನಮ್ಮ ಜನಗಣತಿ ಫೆಬ್ರುವರಿಯಲ್ಲಿ ನಡೆಯುತ್ತದೆ. 2011ರಲ್ಲಿ ಫೆಬ್ರುವರಿ 9ರಿಂದ 28ರ ತನಕ ಮನೆ ಮನೆಗೆ ಮೇಷ್ಟ್ರುಗಳು ಬಂದರು. ನಿಯಮ ಏನಂದರೆ, ಆ ಇಪ್ಪತ್ತೂ ದಿನ ಮನೆಯಲ್ಲಿ ಇಲ್ಲದವರನ್ನು ಆ ಮನೆಯಲ್ಲಿ ಬರೆಯಬಾರದು, ಎಲ್ಲಿ ಇದ್ದಾರೋ ಅಲ್ಲಿ ಬರೆಯಬೇಕು. ಕೇಳೋಕೆ ಸರಿಯಾಗಿಯೇ ಇದೆ. ಒಬ್ಬರನ್ನು ಎರಡು ಕಡೆ ಎಣಿಸಬಾರದಲ್ಲ.

ಆದರೆ ಫೆಬ್ರುವರಿಯಲ್ಲಿ ಈ ಸೀಮೆಯ ಒಣಬೇಸಾಯದ ಹಳ್ಳಿ, ತಾಂಡಾಗಳಲ್ಲಿ ಯಾರಿರುತ್ತಾರೆ? ಮುದುಕರು, ಶಾಲೆಗೆ ಹೋಗೋ ಮಕ್ಕಳು, ನಾಯಿ. ಉಳಿದವರು ದಸರಾ-ದೀಪಾವಳಿ ಮುಗಿಸಿ ಗುಳೆ ಹೋಗಿರುತ್ತಾರೆ. ಸಾಂಗ್ಲಿ, ಕೊಲ್ಹಾಪುರ ಕಡೆ ಕಬ್ಬು ಕಡಿಯೋಕೆ, ಗೋವಾಕ್ಕೆ, ಪುಣೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಕಬ್ಬಿನ ಹಂಗಾಮು ಅಕ್ಟೋಬರ್-ನವೆಂಬರಿನಲ್ಲಿ ಶುರುವಾದರೆ ಮುಗಿಯೋದು ಮಾರ್ಚಿಗೆ. ವಾಪಸ್ ಬರೋದು ಯುಗಾದಿಗೆ. ಗಂಡ-ಹೆಂಡತಿ ಜೋಡಿಯಾಗಿ ಹೋಗಬೇಕು, ಕಬ್ಬಿನ ಟೋಳಿಯಲ್ಲಿ ಲೆಕ್ಕ ಜೋಡಿಯದ್ದೇ. ಸಣ್ಣ ಕೂಸು ಜೊತೆಗೆ, ದೊಡ್ಡದು ಅಜ್ಜಿ ಹತ್ತಿರ. ಗದ್ದೆ ಬದಿಯ ಪ್ಲಾಸ್ಟಿಕ್ ಗುಡಿಸಲಿನಲ್ಲಿ ಅವರನ್ನು ಹುಡುಕಿಕೊಂಡು ಮಹಾರಾಷ್ಟ್ರದ ಮೇಷ್ಟ್ರು ಬಂದರೆ, ಅವರು ಆ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಇವತ್ತು ಈ ಗದ್ದೆ, ನಾಳೆ ಆ ಗದ್ದೆ ಅಂತ ತಪ್ಪಿಹೋದರೆ ಯಾವ ಊರಿನ ಲೆಕ್ಕಕ್ಕೂ ಇಲ್ಲ. ಎರಡೂ ರೀತಿಯಲ್ಲಿ ಅವರ ಊರಿನ ಅಂಕಿ ಸಣ್ಣದಾಗುತ್ತದೆ.

ಅಂಕಿ ಸಣ್ಣದಾದರೆ ಏನಾಯ್ತು ಅಂತೀರಾ? ಕರ್ನಾಟಕದ ಪಂಚಾಯತ್ ಕಾನೂನಿನ ಪ್ರಕಾರ ಗ್ರಾಮ ಪಂಚಾಯ್ತಿಗೆ ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಪರಿಶಿಷ್ಟರಿಗೆ ಮೀಸಲು ಸೀಟು ಎಷ್ಟು ಅನ್ನೋದೂ ಜನಗಣತಿಯ ಅಂಕಿ ಮೇಲೆ. 2013ರ ಆಹಾರ ಭದ್ರತಾ ಕಾಯ್ದೆಯ ರೇಶನ್ ಎಷ್ಟು ಜನಕ್ಕೆ ಅನ್ನೋದು ಇವತ್ತಿಗೂ 2011ರ ಅಂಕಿ ಮೇಲೆ. 2021ರ ಗಣತಿ ಕೊರೋನಾದಿಂದ ನಿಂತುಹೋಯಿತು, ಹಾಗಾಗಿ 2020ರ ಕೊನೆಯ ಪಂಚಾಯ್ತಿ ಎಲೆಕ್ಷನ್ನಿನ ಸೀಟುಗಳೂ ಆ ಫೆಬ್ರುವರಿಯ ಲೆಕ್ಕದವೇ. ಒಂದು ತಾಂಡಾದಿಂದ ಇನ್ನೂರು ಜೋಡಿ ಗುಳೆ ಹೋಗಿದ್ದರೆ ಅಲ್ಲಿಗೆ ಪೂರ್ತಿ ಒಂದು ಸೀಟು. ಊರಲ್ಲಿ ಕೆಲಸ ಇಲ್ಲ ಅಂತ ಗುಳೆ ಹೋಗೋದು, ಗುಳೆ ಹೋದದ್ದಕ್ಕೆ ಊರಲ್ಲಿ ಕೆಲಸ ಕೇಳುವ ದನಿ ಕಡಿಮೆಯಾಗೋದು. 1876ರಲ್ಲಿ ನಿಜಾಮನ ಸೀಮೆಗೆ ನಡೆದವರು 1881ರ ರಾತ್ರಿ ಲೆಕ್ಕಕ್ಕೆ ಸಿಗದ ಹಾಗೆಯೇ ಇದು, ಬರದ ಹೆಸರು ಮಾತ್ರ ಇಲ್ಲ.

ಅಮೆರಿಕದವರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ನೋಡಿ. 2020ರ ಗಣತಿಯಲ್ಲಿ ಮೊನೊವೈ ಜನಸಂಖ್ಯೆ 2 ಅಂತ ಬಂತು. ಅಜ್ಜಿಗೇ ಆಶ್ಚರ್ಯ, ಎರಡನೆಯವರು ಯಾರು ಅಂತ! ಯಾರೂ ಅಲ್ಲ. ಸಣ್ಣ ಊರಿನ ಒಬ್ಬೊಬ್ಬರ ಖಾಸಗಿ ವಿವರ ಅಂಕಿಯಿಂದ ಬಯಲಾಗಬಾರದು ಅಂತ ಅಲ್ಲಿನ ಗಣತಿ ಇಲಾಖೆ ಬೇಕಂತಲೇ ಅಂಕಿಗಳಲ್ಲಿ ಸ್ವಲ್ಪ ಕಲಬೆರಕೆ ಮಾಡುತ್ತದೆ. ಒಬ್ಬಳು ಮುದುಕಿಯ ಗುಟ್ಟು ಕಾಯೋಕೆ ಇಲ್ಲದ ಒಬ್ಬ ಮನುಷ್ಯನನ್ನು ಸೃಷ್ಟಿ ಮಾಡಿದರು. ನಮ್ಮಲ್ಲಿ ಇರುವ ಜನ ಕ್ಯಾಲೆಂಡರಿನ ಕಾರಣಕ್ಕೆ ಕಾಣೆಯಾಗುತ್ತಾರೆ.

ಪೂರ್ತಿ ಕತ್ತಲೇನೂ ಇಲ್ಲ. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಈ ಕಡೆಯ ಕೆರೆಗಳಿಗೆ ಬಂದ ಮೇಲೆ ಟಿಕೋಟಾ, ಬಬಲೇಶ್ವರದ ಬಹಳ ಹಳ್ಳಿಗಳ ಚಹರೆ ಬದಲಾಗಿದೆ. ಕೊಳವೆಬಾವಿಗೆ ಜೀವ ಬಂತು, ದ್ರಾಕ್ಷಿ ಚಪ್ಪರ ಎದ್ದವು, ಒಣದ್ರಾಕ್ಷಿ ಶೆಡ್ಡುಗಳು ಎದ್ದವು. ನೀರು ಸಿಕ್ಕ ಹೊಲದವರು ಗುಳೆ ಹೋಗೋದಿಲ್ಲ. ಫೆಬ್ರುವರಿ, ಮಾರ್ಚ್ ಅವರಿಗೆ ಕೊಯ್ಲಿನ ಕಾಲ, ಕೈಗೆ ಜನ ಸಾಲೋದಿಲ್ಲ. ಹೊಲ ಇಲ್ಲದ ತಾಂಡಾದವರಿಗೆ ಕಬ್ಬಿನ ಟೋಳಿಯ ಮುಂಗಡ ಇನ್ನೂ ತಪ್ಪಿಲ್ಲ.

ಮುಂದಿನ ಜನಗಣತಿಗೆ ಸರ್ಕಾರ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಈ ಸಲ ಎಲ್ಲ ಮೊಬೈಲಿನಲ್ಲಿ, ಬೇಕಾದವರು ತಮ್ಮ ವಿವರ ತಾವೇ ತುಂಬಬಹುದು. ತಲೆ ಎಣಿಸೋಕೆ ಬರೋದು ಮತ್ತೆ ಫೆಬ್ರುವರಿಯಲ್ಲೇ. ಆ ವರ್ಷ ಯುಗಾದಿ ಏಪ್ರಿಲಿನಲ್ಲಿ ಬರುತ್ತದೆ.